ಪ್ರತಿಕೂಲ ಸಾಕ್ಷಿ

ಮಾರ್ಚ್ 3, ಸೋಮವಾರ

ಬೆಳಗಿನ ಹಾಜರಿ ಮುಗಿದ ಮೇಲೆ ಸೂಪರಿಂಟೆಂಡೆಂಟರು ವಾರ್ಡರುಗಳನ್ನೆಲ್ಲ ಆಫೀಸಿಗೆ ಕರೆದು ಹೊಸ ಸುತ್ತೋಲೆ ಓದಿದರು. ಎಲ್ಲೋ ದೂರದ ಊರಲ್ಲಿ ನೂರಾರು ದೇಶದವರು ಒಟ್ಟಿಗೆ ಕೂತು, ಜೈಲಿನಲ್ಲಿ ಹೆಂಗಸರನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ನಿಯಮ ಮಾಡಿದ್ದಾರಂತೆ. ನಮ್ಮ ದೇಶವೂ ಒಪ್ಪಿ ಸಹಿ ಹಾಕಿದೆಯಂತೆ. ಆದ್ದರಿಂದ ಇನ್ನು ಮುಂದೆ ಬಸುರಿ ಕೈದಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗಲಾಗಲಿ ಹೆರಿಗೆಯ ಹೊತ್ತಿನಲ್ಲಾಗಲಿ ಬೇಡಿ ಹಾಕುವಂತಿಲ್ಲ.

ಸಹಿ ಹಾಕಿದವರು ಯಾರೋ. ಕೈದಿ ತಪ್ಪಿಸಿಕೊಂಡರೆ ಕೆಲಸ ಕಳೆದುಕೊಳ್ಳುವವಳು ನಾನು, ಈ ಹೆಂಗಸರ ಜೈಲಿನ ಹೆಡ್ ವಾರ್ಡರ್. "ಸಾರ್, ಓಡಿಹೋದ್ರೆ?" ಎಂದು ಕೇಳಿದೆ.

"ಬಸುರಿ ಎಷ್ಟು ದೂರ ಓಡ್ತಾಳಮ್ಮ?" ಎಂದರು. ಎಲ್ಲರೂ ನಕ್ಕರು.

ಸಾಹೇಬರಿಗೇನು ಗೊತ್ತು. ನಾನು ಇಬ್ಬರನ್ನು ಹೆತ್ತವಳು. ನೋವು ಬಂದ ಹೆಂಗಸು ಗೋಡೆಯನ್ನೂ ಹಾರುತ್ತಾಳೆ.

ಮನೆಯಲ್ಲಿ ಇದನ್ನು ಹೇಳಿದರೆ ನಮ್ಮವರು, "ಇನ್ನು ಕೈದಿಗಳಿಗೆ ಕಾಲೊತ್ತೋಕೂ ನಿಯಮ ಬರುತ್ತೆ, ಎಣ್ಣೆ ತಗೊಂಡು ಹೋಗು" ಎಂದರು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಎಲ್ಲದಕ್ಕೂ ಒಂದು ಟಿಕೆಟ್ ಹರಿಯುತ್ತಾರೆ. ಅವರ ಹತ್ತಿರ ಹೇಳಿಕೊಳ್ಳುವುದಕ್ಕಿಂತ ಇಲ್ಲಿ ಬರೆದುಕೊಳ್ಳುವುದೇ ವಾಸಿ.

ಮಾರ್ಚ್ 6, ಗುರುವಾರ

ಸುತ್ತೋಲೆಯ ಸುದ್ದಿ ಬ್ಯಾರಕ್ಕಿಗೆ ನನಗಿಂತ ಮೊದಲೇ ಮುಟ್ಟಿದೆ. ಸದ್ಯಕ್ಕೆ ನಮ್ಮಲ್ಲಿರುವ ಬಸುರಿ ಒಬ್ಬಳೇ, ನಾವೆಲ್ಲ ಕತ್ತರಿ ಎನ್ನುವವಳು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದವಳು, ಸೂಪರ್‌ವೈಸರನ ತೊಡೆಗೆ ಕತ್ತರಿ ಹಾಕಿ ಬಂದವಳು. ಅವನು ಬದುಕಿದ್ದಾನೆ, ಕುಂಟುತ್ತಾನಂತೆ. ಕೇಸು ಇನ್ನೂ ವಿಚಾರಣೆಯಲ್ಲಿದೆ. ಯಾಕೆ ಹಾಗೆ ಮಾಡಿದೆ ಎಂದು ಬಂದ ಮೊದಲ ವಾರ ಕೇಳಿದ್ದಕ್ಕೆ, "ಅವನ ಕೈ ಎಲ್ಲಿಗೆ ಬಂತೋ ಅಲ್ಲಿಗೇ ಕತ್ತರಿ ಬಂತು" ಎಂದಿದ್ದಳು. ಅಷ್ಟೇ. ಬಾಯಿ ತೆರೆದರೆ ಅದೂ ಕತ್ತರಿಯೇ.

ಇವತ್ತು ನೀರಿನ ಸಾಲಿನಲ್ಲಿ ಮುಂದೆ ನುಗ್ಗಿದಳು. ಹಿಂದೆ ಹೋಗು ಎಂದೆ.

"ಏಳು ತಿಂಗಳು ನಂಗೆ. ನಿಯಮ ಬಂದಿದೆ."

"ನಿಯಮ ಬೇಡಿಗೆ. ನೀರಿಗಲ್ಲ."

"ಹಾಗಾದ್ರೆ ಬೇಡಿಗೆ ಬಂದಿದೆ ಅಂತ ಒಪ್ಕೊಂಡ್ರಲ್ಲ ಬೀಗಮ್ಮ, ಅದೇ ಸಾಕು."

ಬೀಗಮ್ಮ ಎಂದು ನನಗಿಟ್ಟ ಅಡ್ಡಹೆಸರು. ಬೆನ್ನ ಹಿಂದೆ ಎಲ್ಲರೂ ಅನ್ನುತ್ತಾರೆ, ಮುಖಕ್ಕೆ ಅನ್ನುವವಳು ಇವಳೊಬ್ಬಳೇ. ಸಾಲಿನ ಕೊನೆಗೆ ಅಟ್ಟಿದೆ. ಸೊಂಟಕ್ಕೆ ಕೈಕೊಟ್ಟು ನಿಂತೇ ಇದ್ದಳು, ಕೂರಲಿಲ್ಲ. ಸೊಕ್ಕು.

ಮಾರ್ಚ್ 15, ಶನಿವಾರ

ಹೊರದೇಶದಿಂದ ತಂಡ ಬರುತ್ತದಂತೆ, ನಾವು ಸಹಿಗೆ ತಕ್ಕಂತೆ ನಡೆಯುತ್ತಿದ್ದೇವೆಯೇ ಎಂದು ನೋಡಲು. ಹಳೇ ಉಗ್ರಾಣವನ್ನು ಖಾಲಿ ಮಾಡಿಸಿ, ತಿಳಿಹಸಿರು ಬಣ್ಣ ಬಳಿಸಿ, ಬಾಗಿಲಿಗೆ "ತಾಯಿ ಮಗು ಕೋಣೆ" ಎಂದು ಬರೆಸಿದರು. ಎರಡು ಮಂಚ, ಹೊಸ ಹಾಸಿಗೆ, ಪರದೆ, ಸಾಹೇಬರ ಮನೆಯ ಅಟ್ಟದಿಂದ ಇಳಿಸಿದ ತೊಟ್ಟಿಲು. ಎಲ್ಲ ಮುಗಿದ ಮೇಲೆ ಸಾಹೇಬರು ನನ್ನ ಕೈಗೆ ಬೀಗ ಕೊಟ್ಟು, "ಅವ್ರು ಬರೋವರೆಗೆ ಯಾರನ್ನೂ ಬಿಡಬೇಡಿ, ಕೊಳೆಯಾಗುತ್ತೆ" ಎಂದರು.

ಸೋರುವ ಕಕ್ಕಸಿನ ಸೂರು ರಿಪೇರಿ ಮಾಡಿಸಿ ಎಂದು ಮೂರು ವರ್ಷದಿಂದ ಬರೆಯುತ್ತಿದ್ದೇನೆ. ಅದಕ್ಕೆ ಯಾವ ದೇಶದವರು ಬರಬೇಕೋ.

ಮಾರ್ಚ್ 20, ಗುರುವಾರ

ಬಂದರು, ಹೋದರು. ಇಬ್ಬರು ಹೆಂಗಸರು, ಒಬ್ಬ ಗಂಡಸು, ಅವರ ಮಾತನ್ನು ನಮಗೆ ಹೇಳಲು ಒಬ್ಬ ದುಭಾಷಿ. ಬೇರೆಯವರ ಮನೆಯ ಧೂಳು ಎಣಿಸಲು ಇಷ್ಟು ದೂರ ಬರುತ್ತಾರಲ್ಲ, ಇವರ ಮನೆಗಳೇನು ಕನ್ನಡಿಯಾಗಿವೆಯೇ? ಕತ್ತರಿಯನ್ನು ಬೆಳಿಗ್ಗೆಯೇ ಹಸಿರು ಕೋಣೆಯಲ್ಲಿ ಮಲಗಿಸಿದ್ದೆವು. ದೊಡ್ಡ ಹೆಂಗಸು ಅವಳ ಹತ್ತಿರ ಕೂತು ಏನೇನೋ ಕೇಳಿದಳು. ಪಕ್ಕದಲ್ಲಿ ಸಾಹೇಬರು ನಿಂತಿದ್ದರು. ಕತ್ತರಿ ಎಲ್ಲದಕ್ಕೂ "ಚೆನ್ನಾಗಿದೆ" ಎಂದಳು. ಅವಳ ಬಾಯಲ್ಲಿ ಆ ಪದ ಕೇಳಿ ನನಗೇ ಗಾಬರಿಯಾಯಿತು.

ಆಮೇಲೆ ಆ ಹೆಂಗಸು ನನ್ನತ್ತ ತಿರುಗಿ, ಹೆರಿಗೆಗೆ ಹೋಗುವ ಹೆಂಗಸರಿಗೆ ಬೇಡಿ ಹಾಕುತ್ತೀರಾ ಎಂದಳು. ದುಭಾಷಿ ಹೇಳಿ ಮುಗಿಸುವ ಮೊದಲೇ "ಇಲ್ಲ" ಎಂದೆ. ಹೇಳಿಕೊಟ್ಟದ್ದನ್ನೇ ಹೇಳಿದೆ. ಬರೆದುಕೊಂಡಳು.

ಅವರ ಕಾರುಗಳು ಗೇಟು ದಾಟಿದ ಕೂಡಲೇ ಸಾಹೇಬರು ಕೋಣೆ ಖಾಲಿ ಮಾಡಿಸಿ ಎಂದರು. ಕತ್ತರಿ ಏಳಲಿಲ್ಲ.

"ಇದು ನಂದು. ಬಾಗಿಲ ಮೇಲೆ ತಾಯಿ ಅಂತ ಬರೆದಿದೆ."

"ಏಳು, ನಾಟಕ ಮುಗೀತು."

"ನಾಟಕಕ್ಕೆ ನಾನೂ ಮಾತು ಹೇಳಿದ್ದೀನಿ. ಕೂಲಿ ಕೊಡಿ. ಈ ಹಾಸಿಗೆ ಬಿಡಿ."

ತೋಳು ಹಿಡಿದು ಎಳೆದೆ. ಕಚ್ಚಿದಳು. ಮಣಿಕಟ್ಟಿನ ಮೇಲೆ, ರಕ್ತ ಬರುವ ಹಾಗೆ. ಇನ್ನಿಬ್ಬರು ವಾರ್ಡರುಗಳು ಸೇರಿ ಬ್ಯಾರಕ್ಕಿಗೆ ಒಯ್ದೆವು. ಅವಳ ಹೆರಿಗೆಯ ದಿನ ನಾನೇ ನನ್ನ ಕೈಯಾರೆ ಬೇಡಿ ಹಾಕುತ್ತೇನೆ. ಯಾವ ದೇಶದವರು ತಡೆಯುತ್ತಾರೋ ನೋಡುತ್ತೇನೆ.

ಮಾರ್ಚ್ 21, ಶುಕ್ರವಾರ

ಇಂಜೆಕ್ಷನ್ ಹಾಕಿಸಿಕೊಂಡೆ. ಕೈ ಊದಿದೆ. ನಮ್ಮವರು, "ನಾಯಿ ಕಚ್ಚಿದ್ರೆ ಹೊಟ್ಟೆಗೆ ಹಾಕ್ತಾರೆ, ಇದಕ್ಕೆ ಎಲ್ಲಿಗೆ?" ಎಂದರು.

ಏಪ್ರಿಲ್ 8, ಮಂಗಳವಾರ

ಕತ್ತರಿಯನ್ನು ತಪಾಸಣೆಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬೆಂಗಾವಲಿಗೆ ಪೊಲೀಸ್ ದಫೇದಾರ, ಎಲ್ಲರೂ ಮೀಸೆ ಎಂದು ಕರೆಯುವವನು, ಜೊತೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು. ವ್ಯಾನು ಹತ್ತುವ ಮುಂಚೆ ಮೀಸೆ ಚೀಲದಿಂದ ಕಾಲಿನ ಬೇಡಿ ತೆಗೆದ. ನಾನು ಸುಮ್ಮನೆ ನೋಡುತ್ತ ನಿಂತಿದ್ದೆ, ಹಾಕಲಿ ಎಂದೇ. ಆಗ ಆ ಮನುಷ್ಯ ನನ್ನತ್ತ ನೋಡಿ, "ಪಕ್ಕಕ್ಕೆ ಸರೀರಿ. ಹೆಂಗಸರ ಜೈಲಲ್ಲಿ ಅಡುಗೆ ಸೌಟು ಹಿಡಿಯೋರಿಗೆ ಇದೆಲ್ಲ ತಿಳಿಯಲ್ಲ" ಎಂದ.

ಇಪ್ಪತ್ತಾರು ವರ್ಷದ ಸರ್ವಿಸು ನನ್ನದು. ಚೀಲದಲ್ಲಿದ್ದ ಸುತ್ತೋಲೆ ತೆಗೆದು ಅವನ ಮೂಗಿನ ಕೆಳಗೆ ಹಿಡಿದೆ. "ಓದೋಕೆ ಬರುತ್ತಾ? ಬಸುರಿಗೆ ಬೇಡಿ ಹಾಕಂಗಿಲ್ಲ. ಹಾಕಿದ್ರೆ ನಿಮ್ಮ ಹೆಸರು ಹಾಕಿ ರಿಪೋರ್ಟ್ ಬರೀತೀನಿ." ಗೊಣಗುತ್ತ ಬೇಡಿಯನ್ನು ಚೀಲಕ್ಕೆ ಹಾಕಿದ.

ಆಸ್ಪತ್ರೆಯಲ್ಲಿ ಬೇರೆಯೇ ರಾಮಾಯಣ. ಬೆಂಚಿನ ಮೇಲೆ ನಮ್ಮ ಪಕ್ಕ ಯಾರೂ ಕೂರಲಿಲ್ಲ. ಸೊಸೆಯನ್ನು ಕರೆತಂದಿದ್ದ ಒಬ್ಬ ಮುದುಕಿ ಗಟ್ಟಿಯಾಗಿ, "ಕೊಲೆಗಾತೀನ ಬಿಚ್ಚಿ ಕೂರಿಸಿದ್ದಾರಲ್ಲ, ನಮ್ಮ ಮಕ್ಕಳ ಗತಿ?" ಎಂದಳು. ಲೇಡಿ ಡಾಕ್ಟರೂ ಮುಖ ಸಿಂಡರಿಸಿ, "ಮುಂದಿನ ಸಲ ಕಟ್ಟಿ ಕರ್ಕೊಂಡ್ ಬನ್ನಿ, ಬೇರೆ ಪೇಶೆಂಟ್‌ಗಳು ಹೆದರ್ತಾರೆ" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಹಿಂದಿರುಗುವಾಗ ವ್ಯಾನಿನಲ್ಲಿ ಕತ್ತರಿ, "ನನ್ನ ಪರ ಮಾತಾಡಿದ್ರಲ್ಲ, ಜ್ವರ ಏನಾದ್ರೂ ಬಂದಿದೆಯಾ?" ಎಂದಳು. ನಿನ್ನ ಪರ ಅಲ್ಲ, ಅವನ ವಿರುದ್ಧ ಎಂದೆ. ಅದೇ ನಿಜ.

ಏಪ್ರಿಲ್ 19, ಶನಿವಾರ

ಕತ್ತರಿಯ ಕಾಲು ಊದಿ ಕಂಬದಂತಾಗಿದೆ. ಮಧ್ಯಾಹ್ನವಿಡೀ ನರಳಾಟ, ಯಾರಿಗೂ ನೆಮ್ಮದಿಯಿಲ್ಲ. ಗದ್ದಲ ತಡೆಯಲಾರದೆ ಹಸಿರು ಕೋಣೆಯ ಬೀಗ ತೆಗೆದು ಎರಡು ದಿಂಬು ತಂದು ಅವಳ ಕಾಲಡಿ ಎಸೆದೆ. ಸಾಹೇಬರು ಕೇಳಿದರೆ ಒಗೆಯಲು ಕೊಟ್ಟಿದ್ದೇನೆ ಎನ್ನಬೇಕು. ಊಟವನ್ನೂ ಅರ್ಧಕ್ಕೇ ಬಿಡುತ್ತಿದ್ದಾಳೆ. ಬಿಡಲಿ, ನನಗೇನು. ನಾಳೆ ಹಾಲು ಕೊಡಿ ಎಂದು ಅಡುಗೆಯವಳಿಗೆ ಹೇಳಿದ್ದೇನೆ.

ಏಪ್ರಿಲ್ 29, ಮಂಗಳವಾರ

ಬೆಳಿಗ್ಗೆ ಹಾಜರಿಯ ಹೊತ್ತಿಗೇ ಕತ್ತರಿಗೆ ನೋವು ಶುರುವಾಯಿತು. ವ್ಯಾನು ಬಂತು, ಜೊತೆಗೆ ಮತ್ತೆ ಮೀಸೆಯೇ. ದಾರಿಯಲ್ಲಿ ಏನೂ ಮಾಡಲಿಲ್ಲ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವಳನ್ನು ಮಲಗಿಸಿದ್ದೇ ತಡ, ಬಲಗಾಲಿಗೆ ಬೇಡಿ ಹಾಕಿ ಇನ್ನೊಂದು ತುದಿಯನ್ನು ಮಂಚದ ಕಂಬಿಗೆ ಸಿಕ್ಕಿಸಿದ. ನಾನು ಮತ್ತೆ ಸುತ್ತೋಲೆ ತೆಗೆದೆ.

"ಅದನ್ನ ಒಳಗಿಡಿ. ಆವತ್ತು ನಿಮ್ಮ ಮಾತು ಕೇಳಿ ನಮ್ಮ ಇನ್‌ಸ್ಪೆಕ್ಟರ್ ಹತ್ರ ಬೈಸ್ಕೊಂಡೆ. ಅದು ಜೈಲಿಗೆ ಬಂದಿರೋದು, ಪೊಲೀಸರಿಗಲ್ಲ. ಗೇಟು ದಾಟಿದ ಮೇಲೆ ಜವಾಬ್ದಾರಿ ನಮ್ದು."

ಸಾಹೇಬರಿಗೆ ಫೋನ್ ಮಾಡಿದೆ. "ಸ್ವಲ್ಪ ಅನುಸರಿಸ್ಕೊಂಡು ಹೋಗಿಯಮ್ಮ" ಎಂದರು. "ಅವ್ರ ಜೊತೆ ಜಗಳ ಬೇಡ. ಕಾಗದದಲ್ಲಿ ಬೇಡಿ ಇರಲಿಲ್ಲ ಅಂತಲೇ ಬರೆಯೋಣ."

ಸರಿ, ನನಗೇಕೆ ಎಂದು ಕೂತೆ. ಹಾಕುತ್ತೇನೆ ಎಂದು ಶಪಥ ಮಾಡಿದ್ದವಳು ನಾನೇ. ಆದರೆ ಎದುರಿಗೆ ಕೂತು ನೋಡುವುದು ಬೇರೆ. ನೋವು ಬಂದಾಗಲೆಲ್ಲ ಕಾಲು ಎಳೆಯುತ್ತಿದ್ದಳು, ಕಂಬಿ ಠಣ್ ಎನ್ನುತ್ತಿತ್ತು. ಅಕ್ಕಪಕ್ಕದವರು ಪರದೆ ಎಳೆದುಕೊಂಡರು. ಪಾದದ ಗಂಟಿನ ಹತ್ತಿರ ಚರ್ಮ ಸುಲಿದು ಹಾಸಿಗೆಗೆ ರಕ್ತ ಹತ್ತಿತು. ಬಟ್ಟೆ ಮಡಚಿ ಬೇಡಿಯ ಒಳಗೆ ತುರುಕಿದೆ. ಹಾಸಿಗೆ ಆಸ್ಪತ್ರೆಯದು, ಕೊಳೆಯಾದರೆ ನಮಗೇ ಬೈಯುತ್ತಾರೆ.

ಮಧ್ಯಾಹ್ನ ಡಾಕ್ಟರು ಬಂದು ಹೊಟ್ಟೆಗೆ ಯಂತ್ರ ಇಟ್ಟು ಕೇಳಿದವರೇ ಮುಖ ಬದಲಿಸಿದರು. ಮಗುವಿನ ಎದೆಬಡಿತ ಇಳಿಯುತ್ತಿದೆಯಂತೆ. "ಎಡಕ್ಕೆ ತಿರುಗಿಸಿ ಮಲಗಿಸಿ. ಥಿಯೇಟರಿಗೆ ತಗೊಳ್ಳಿ, ಈಗಲೇ" ಎಂದರು. ನರ್ಸಮ್ಮ ತಿರುಗಿಸಲು ಹೋದಳು. ಕಾಲು ಬರಲಿಲ್ಲ.

"ಕೀಲಿ ಎಲ್ರೀ?" ಡಾಕ್ಟರು ನನ್ನ ಮೇಲೆ ಕೂಗಿದರು, ಕಟ್ಟಿ ತನ್ನಿ ಎಂದಿದ್ದ ಅದೇ ಡಾಕ್ಟರು. "ಯಾವ ಮೂರ್ಖರು ಇದನ್ನ ಹಾಕಿದ್ದು?"

ಕೀಲಿ ಮೀಸೆಯ ಸೊಂಟದಲ್ಲಿತ್ತು. ಮೀಸೆ ಊಟಕ್ಕೆ ಹೋಗಿದ್ದ. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಮಿಕಮಿಕ ನೋಡಿದ. ನಾನು ಓಡಿದೆ. ಮೆಟ್ಟಿಲಿಳಿದು, ಅಂಗಳ ದಾಟಿ, ಕ್ಯಾಂಟೀನಿಗೆ. ಮೀಸೆ ತಟ್ಟೆಯ ಮುಂದೆ ಕೂತಿದ್ದ.

"ಕೀಲಿ ಕೊಡಿ. ಮಗು ಹೋಗ್ತಾ ಇದೆ."

"ಕೈ ತೊಳ್ಕೊಂಡು ಬರ್ತೀನಿ, ತಡೀರಿ."

ಅವನ ಬೆಲ್ಟಿಗೆ ಕೈಹಾಕಿ ಕೀಲಿಯ ಗೊಂಚಲನ್ನು ಎಳೆದೆ. ಪಟ್ಟಿ ಕಿತ್ತು ಬಂತು, ತಟ್ಟೆ ನೆಲಕ್ಕೆ ಬಿತ್ತು. "ಡ್ಯೂಟಿಲಿರೋ ಪೊಲೀಸನ ಮೈ ಮುಟ್ತೀಯಾ?" ಎಂದು ಅವನು ಅರಚುವುದು ಅಂಗಳದವರೆಗೂ ಕೇಳಿಸಿತು.

ಗೊಂಚಲಿನ ಕೀಲಿಗಳನ್ನು ಒಂದೊಂದಾಗಿ ಬೇಡಿಗೆ ಹಾಕಿ ತಿರುಗಿಸಿದೆ. ಇಷ್ಟು ವರ್ಷದಲ್ಲಿ ಎಷ್ಟು ಬೀಗ ತೆಗೆದಿದ್ದೇನೋ, ಇದೊಂದು ಬರುತ್ತಲೇ ಇಲ್ಲ. ಕತ್ತರಿ ತಲೆ ಎತ್ತಿ, "ಎಲ್ಲಿ ಸತ್ತಿದ್ದೆ ಬೀಗಮ್ಮ?" ಎಂದಳು. ಮೊದಲ ಸಲ ಏಕವಚನ. ಬೈಯಲು ಉಸಿರಿರಲಿಲ್ಲ ನನಗೆ.

ಥಿಯೇಟರಿನ ಬಾಗಿಲ ಹೊರಗೆ ನಿಂತಿದ್ದೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಆಮೇಲೂ ಕೇಳಿಸಲಿಲ್ಲ. ಆಮೇಲೆ ಸಣ್ಣಗೆ, ಬೆಕ್ಕಿನ ಮರಿಯ ಹಾಗೆ.

ಏಪ್ರಿಲ್ 30, ಬುಧವಾರ

ಮೈಕೈ ನೋವು. ಮಗು ಹೆಣ್ಣು. ಎಡಗಿವಿ ಚೂರು ಮಡಚಿದೆ, ದೊಡ್ಡದಾಗುತ್ತ ಸರಿಹೋಗುತ್ತದೆ ಎಂದರು. ಇದನ್ನೇಕೆ ಬರೆದೆನೋ.

ಮೇ 12, ಸೋಮವಾರ

ಮೀಸೆ ನನ್ನ ಮೇಲೆ ಹಲ್ಲೆಯ ದೂರು ಕೊಟ್ಟಿದ್ದಾನೆ. ಅತ್ತ ಕತ್ತರಿ, ಕಾನೂನು ನೆರವಿನ ವಕೀಲೆ ಬಂದಾಗ ಪಾದದ ಗಾಯ ತೋರಿಸಿದ್ದಾಳೆ. ಆ ಹುಡುಗಿ ಸೀದಾ ದೊಡ್ಡ ಕೋರ್ಟಿಗೆ ಹೋಗಿ, ಸರ್ಕಾರ ಸಹಿ ಹಾಕಿದ್ದನ್ನು ಮುರಿದಿದೆ ಎಂದು ಅರ್ಜಿ ಹಾಕಿದ್ದಾಳೆ.

ಸಾಹೇಬರು ಬಾಗಿಲು ಹಾಕಿ ಮಾತಾಡಿದರು. ತಂಡದವರಿಗೆ ಕಳಿಸಿದ ವರದಿಯಲ್ಲಿ "ಒಂದೂ ಪ್ರಕರಣವಿಲ್ಲ" ಎಂದು ಬರೆದಾಗಿದೆಯಂತೆ. ಈಗ ನಾನು ಕೋರ್ಟಿಗೆ ಬಂದು ಬೇಡಿ ಇರಲಿಲ್ಲ, ಗಾಯ ಮಂಚದ ಕಂಬಿ ತಗುಲಿ ಆದದ್ದು ಎಂದರೆ ಸಾಕು. ಮೀಸೆ ದೂರು ವಾಪಸು ತೆಗೆದುಕೊಳ್ಳುತ್ತಾನೆ, ಮುಂದಿನ ವರ್ಷ ನನಗೆ ಚೀಫ್ ವಾರ್ಡರ್ ಬಡ್ತಿ.

"ನಮ್ಮ ದೇಶದ ಮರ್ಯಾದೆ ಪ್ರಶ್ನೆ ಕಣಮ್ಮ" ಎಂದರು.

ಹಾಗೆಂದು ಬರೆದಿಟ್ಟಿದ್ದ ಹೇಳಿಕೆಗೆ ಸಹಿ ಹಾಕಿದೆ. ಮತ್ತೇನು ಮಾಡಲಿ. ಕಚ್ಚಿದವಳಿಗಾಗಿ ಹುದ್ದೆ ಕಳೆದುಕೊಳ್ಳಲು ನನಗೇನು ಹುಚ್ಚೇ?

ಜುಲೈ 5, ಶನಿವಾರ

ಕತ್ತರಿಗೆ ಗೊತ್ತಾಗಿದೆ. ನನ್ನತ್ತ ನೋಡುವುದಿಲ್ಲ, ಬೈಯುವುದೂ ಇಲ್ಲ. ಹಾಜರಿಯಲ್ಲಿ ಕೂಗಿದರೆ "ಇದ್ದೀನಿ" ಎನ್ನುತ್ತಾಳೆ, ಅಷ್ಟೇ. ಒಳ್ಳೆಯದೇ ಆಯಿತು, ಬ್ಯಾರಕ್ಕು ತಣ್ಣಗಿದೆ. ಮೊದಲಾದರೆ ಒಂದು ಮಾತಿಗೆ ಹತ್ತು ಮಾತು. ಎಂಥ ಬೇಸರದ ಡ್ಯೂಟಿ ಇದು. ಮಗು ನಗಲು ಕಲಿತಿದೆ, ಎಲ್ಲರನ್ನೂ ನೋಡಿ ನಗುತ್ತದೆ. ತಿಳಿವಳಿಕೆ ಬಂದಿಲ್ಲ.

ಆಗಸ್ಟ್ 12, ಮಂಗಳವಾರ

ಕೋರ್ಟಿಗೆ ಹೋಗಿ ಬಂದೆ. ಏನಾಯಿತು ಎಂದು ಸರಿಯಾಗಿ ಬರೆದಿಡುತ್ತೇನೆ, ನಾಳೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಮೊದಲು ಸರ್ಕಾರಿ ವಕೀಲರು ವಾದ ಮಾಡಿದರು. ಕಪ್ಪು ಕೋಟು, ಗಂಟೆಯಂಥ ದನಿ. ದೇಶ ಆ ನಿಯಮಗಳನ್ನು ಒಪ್ಪಿರುವುದು ನಿಜವೇ ಸ್ವಾಮಿ, ಆದರೆ ಅದು ಸೌಜನ್ಯಕ್ಕೆ, ಒಂದು ಗುರಿ ಎಂದು. ಶಾಸನಸಭೆ ಕಾನೂನು ಮಾಡುವ ತನಕ ಅದನ್ನು ಇಲ್ಲಿ ಯಾರೂ ಹಕ್ಕೆಂದು ಕೇಳುವಂತಿಲ್ಲ. ಹೊರಗಿನವರು ಹೇಳಿದಂತೆ ನಮ್ಮ ಜೈಲು ನಡೆಸಲಾಗದು. ಹಿಂದೆ ಕೂತಿದ್ದ ಯಾರೋ ಚಪ್ಪಾಳೆ ತಟ್ಟಿದರು.

ನ್ಯಾಯಾಧೀಶರು ವಯಸ್ಸಾದವರು, ಮೆಲ್ಲಗೆ ಕೇಳಿದರು: "ಅಂದ್ರೆ ಬೇಡಿ ಹಾಕಿದ್ರೂ ತಪ್ಪಿಲ್ಲ ಅಂತೀರಾ?"

"ಕಾನೂನಿನ ಪ್ರಕಾರ ತಪ್ಪಿಲ್ಲ ಸ್ವಾಮಿ."

"ತಪ್ಪಿಲ್ಲದಿದ್ರೆ ಹಾಕೇ ಇಲ್ಲ ಅಂತ ಯಾಕೆ ಇಷ್ಟು ಕಷ್ಟಪಡ್ತಿದ್ದೀರಿ?"

ಕೋರ್ಟು ನಕ್ಕಿತು. ವಕೀಲರು ಕೆಂಪಾಗಿ ನನ್ನನ್ನು ಕರೆದರು. ಕಟಕಟೆ ಹತ್ತಿದೆ. ಎದುರು ಬೆಂಚಿನಲ್ಲಿ ಕತ್ತರಿ, ಮಡಿಲಲ್ಲಿ ಮಗು. ಆಕೆ ಕಿಟಕಿಯ ಕಡೆ ನೋಡುತ್ತಿದ್ದಳು.

"ಆ ದಿನ ಆಸ್ಪತ್ರೆಯಲ್ಲಿ ಇದ್ರಲ್ಲಮ್ಮ. ಕೈದಿಗೆ ಬೇಡಿ ಇರಲಿಲ್ಲ ಅಲ್ವೇ?"

"ಇತ್ತು" ಎಂದೆ.

ವಕೀಲರು ನನಗೆ ಪ್ರಶ್ನೆ ಕೇಳಿಸಲಿಲ್ಲವೇನೋ ಎಂಬಂತೆ ಮತ್ತೆ ಕೇಳಿದರು.

"ಇತ್ತು ಸಾರ್. ಬಲಗಾಲಿಗೆ. ಕೀಲಿ ದಫೇದಾರರ ಹತ್ರ ಇತ್ತು, ದಫೇದಾರರು ಊಟಕ್ಕೆ ಹೋಗಿದ್ರು."

"ಇಲ್ಲಿ ನಿಮ್ಮ ಸಹಿಯಿದೆ, ಇರಲಿಲ್ಲ ಅಂತ!"

"ಸಹಿ ತಾನೇ ಸಾರ್. ದೇಶವೂ ಹಾಕಿದೆ ಅಂತ ಈಗ ನೀವೇ ಹೇಳಿದ್ರಲ್ಲ, ಸೌಜನ್ಯಕ್ಕೆ ಅಂತ. ನಂದೂ ಹಾಗೇ."

ಆಗ ವಕೀಲರು ನನಗೆ ಬೆನ್ನು ತಿರುಗಿಸಿ, ಈ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಬೇಕು ಎಂದು ಕೇಳಿಕೊಂಡರು. ಹಾಗೆಂದರೆ ಏನು ಎಂದು ಆಮೇಲೆ ಗುಮಾಸ್ತ ಹೇಳಿದ: ಕರೆತಂದವರ ವಿರುದ್ಧವೇ ತಿರುಗಿಬಿದ್ದವಳು.

ಕತ್ತರಿಗಾಗಿ ಹೇಳಿದ್ದಲ್ಲ. ಆ ವಕೀಲರ ಮೇಲಿನ ಸಿಟ್ಟು. ತಪ್ಪೇ ಅಲ್ಲದ ಕೆಲಸಕ್ಕೆ ನನ್ನ ಬಾಯಲ್ಲಿ ಸುಳ್ಳೇಕೆ ಹೇಳಿಸಬೇಕಿತ್ತು?

ಆಗಸ್ಟ್ 14, ಗುರುವಾರ

ಅಮಾನತು. ಅಶಿಸ್ತು, ಇಲಾಖೆಗೆ ಕಳಂಕ, ಪೊಲೀಸನ ಮೇಲೆ ಹಲ್ಲೆ. ಗೇಟಿನಲ್ಲಿ ಕೀಲಿಗಳನ್ನು ಒಪ್ಪಿಸಿ ಬಂದೆ. ನಾನೇ ಕೆಲಸ ಕಲಿಸಿದ ವಾರ್ಡರು ನನ್ನ ಮುಖ ನೋಡದೆ ತೆಗೆದುಕೊಂಡಳು.

ಪತ್ರಿಕೆಯಲ್ಲಿ "ಪರದೇಶಿಗಳ ಕೈಗೊಂಬೆ" ಎಂದು ಬಂದಿದೆ. ಅಂಗಡಿಯವನು ಸೋಪು ಕೊಡುತ್ತ, "ಅವ್ರು ಎಷ್ಟು ಕೊಟ್ರು ಅಕ್ಕ?" ಎಂದ. ನಾಲ್ಕು ಜನ ನಕ್ಕರು. ಸೋಪನ್ನು ಅಲ್ಲೇ ಇಟ್ಟು ಬಂದೆ. ಎದುರು ಮನೆಯವಳು ಬಾಗಿಲು ಹಾಕಿಕೊಂಡಳು. ಅವಳ ಮಗಳ ಬಾಣಂತನದಲ್ಲಿ ನೀರು ಕಾಯಿಸಿಕೊಟ್ಟವಳು ನಾನು.

ಸಂಜೆ ನಮ್ಮವರು ಚಹಾ ಮಾಡಿ ತಂದಿಟ್ಟು, "ನಡುದಾರೀಲಿ ಇಳಿದುಬಿಟ್ಯಲ್ಲೇ" ಎಂದರು.

"ಬಸ್ಸು ತಪ್ಪು ದಾರೀಲಿ ಹೋಗ್ತಿತ್ತು ರೀ."

"ಹೂಂ. ಇಳಿದೋರು ನಡೀಬೇಕಾಗುತ್ತೆ" ಎಂದು ಕಪ್ಪು ತೊಳೆಯಲು ಹೋದರು. ಮದುವೆಯಾದಾಗಿನಿಂದ ಅವರು ಕಪ್ಪು ತೊಳೆದದ್ದು ನಾನು ಕಂಡಿಲ್ಲ.

ಸೆಪ್ಟೆಂಬರ್ 18, ಗುರುವಾರ

ತೀರ್ಪು ಬಂತು. ಹೋಗಬಾರದೆಂದಿದ್ದೆ, ಮನೆಯಲ್ಲಿ ಕೂತು ಏನು ಮಾಡುವುದು ಎಂದು ಹೋದೆ.

ಹೊರಗಿನವರ ಮುಂದೆ ಒಪ್ಪಿಕೊಂಡ ಮಾತನ್ನು ನಮ್ಮವಳೇ ಆದ ಹೆಂಗಸಿನ ಮುಂದೆ ಸರ್ಕಾರ ಅಲ್ಲಗಳೆಯುವಂತಿಲ್ಲ ಎಂದು ನ್ಯಾಯಾಧೀಶರು ಓದಿದರು. ಶಾಸನಸಭೆ ಕಾನೂನು ಮಾಡುವವರೆಗೆ ಆ ನಿಯಮವೇ ಜೈಲಿಗೂ ಪೊಲೀಸರಿಗೂ ಆಜ್ಞೆ. ಹಸಿರು ಕೋಣೆಯ ಬೀಗ ತೆಗೆಯಬೇಕು. ಸರ್ಕಾರಿ ವಕೀಲರು ಆಗಲೇ ಮೇಲ್ಮನವಿಯ ಮಾತಾಡುತ್ತಿದ್ದರು. ನನ್ನ ಅಮಾನತು ಇಲಾಖೆಯ ಒಳಗಿನ ವಿಷಯವಾದ್ದರಿಂದ ಅದರ ಬಗ್ಗೆ ಒಂದಕ್ಷರವಿಲ್ಲ. ನೆರವಿನ ವಕೀಲೆ ನನ್ನ ಕೈ ಕುಲುಕಿ, ನಿಮ್ಮ ಕೇಸನ್ನೂ ನಡೆಸುತ್ತೇನೆ ಎಂದಳು. ನೋಡೋಣ ಎಂದೆ.

ಹೊರಗೆ ಜನ ನೆರೆದಿದ್ದರು. ದೇಶದ ಮಾನ ಹರಾಜಾಯಿತು ಎಂದು ಕೂಗುತ್ತಿದ್ದರು. ಒಬ್ಬ ಹುಡುಗಿ ನನ್ನ ಹತ್ತಿರ ಬಂದು ನೆಲಕ್ಕೆ ಉಗಿದು ಹೋದಳು.

ಹಿಂದಿನ ಬಾಗಿಲ ಮೊಗಸಾಲೆಗೆ ಸರಿದು ನಿಂತೆ. ಅಲ್ಲಿಗೇ ಕತ್ತರಿಯನ್ನು ಕರೆತಂದರು. ವ್ಯಾನು ಬರುವುದು ತಡವಾಗಿತ್ತು. ಜೊತೆಯಲ್ಲಿ ಹೊಸ ಹೆಡ್ ವಾರ್ಡರ್ ಇದ್ದಳು. ಕತ್ತರಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕೈ ಮುಗೀತೀನಿ ಅಂದ್ಕೊಂಡ್ರಾ?"

"ಯಾರು ಕೇಳಿದ್ರು ನಿನ್ನ."

"ಆ ಕಾಗದಕ್ಕೆ ಮೊದಲು ಸಹಿ ಹಾಕಿದ್ದು ನೀವೇ. ನಾನು ಮರೆಯೋಳಲ್ಲ."

"ಮರೀಬೇಡ."

ಗಾಳಿಗೆ ಅವಳ ಕೂದಲು ಬಿಚ್ಚಿಕೊಂಡು ಮಗುವಿನ ಮುಖಕ್ಕೆ ಬೀಳುತ್ತಿತ್ತು. ಮಗು ಕೂದಲನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. ಹೊಸ ಹೆಡ್ ವಾರ್ಡರ್ ಕೈ ಚಾಚಿದಳು. ಕತ್ತರಿ ಅವಳನ್ನು ದಾಟಿ ನನ್ನ ಮುಂದೆ ಬಂದು ನಿಂತಳು.

"ಹಿಡ್ಕೊಳ್ಳಿ. ತಲೆ ಕಟ್ಕೋಬೇಕು. ಬೀಳಿಸಿದ್ರೆ ನೋಡಿ ಮತ್ತೆ."

ಕೊಟ್ಟಳು. ಎರಡೂ ಕೈ ಎತ್ತಿ, ಯಾವ ಅವಸರವೂ ಇಲ್ಲದೆ ಕೂದಲು ಬಾಚಿ ಗಂಟು ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ವ್ಯಾನು ಬಂತು. ಆದರೂ ಇನ್ನೊಂದು ಸಲ ಬಿಚ್ಚಿದಳು.

ಮಗು ಒಳ್ಳೇ ಭಾರವಾಗಿದೆ.